ಚಳಿ ಅರಳಿಸುವ ಹೂ: ಘಟ್ಟದ ಪ್ರವಾಸಿಗರಿಗೆ ಶ್ರೀನಗರದ ಟುಲಿಪ್ ತೋಟದ ಪರಿಚಯ

ಶಿರಸಿ: ಅಡಿಕೆ ಕೊಯ್ಲು ಮುಗಿದು, ಅಂಗಳದಲ್ಲಿ ಹರವಿದ್ದ ಅಡಿಕೆ ಒಳಸೇರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಮಕ್ಕಳ ಪರೀಕ್ಷೆಗಳು ಮುಗಿಯುತ್ತ ಬಂದಿರುತ್ತವೆ. ಮಳೆಗಾಲದ ಸಿದ್ಧತೆಗೆ ಇನ್ನೂ ಬಿಡುವಿರುತ್ತದೆ. ಕಾಶಿ, ಹರಿದ್ವಾರ, ವೈಷ್ಣೋದೇವಿ ಯಾತ್ರೆಗಳ ಜೊತೆಗೆ ಈಗ ಕಾಶ್ಮೀರದ ಹೆಸರೂ ಕೇಳಿಬರುತ್ತಿದೆ. ಮಾರ್ಚ್ ಕೊನೆಯಿಂದ ಏಪ್ರಿಲ್ ಮೂರನೇ ವಾರದೊಳಗೆ ಅಲ್ಲಿಗೆ ಹೋಗುವವರ ಪಟ್ಟಿಯಲ್ಲಿ ಶ್ರೀನಗರದ ಟುಲಿಪ್ ತೋಟ ತಪ್ಪದೆ ಇರುತ್ತದೆ.

ಆದರೆ ಈ ತೋಟ ವರ್ಷದಲ್ಲಿ ಸಾರ್ವಜನಿಕರಿಗೆ ತೆರೆದಿರುವುದು ಸುಮಾರು ಒಂದು ತಿಂಗಳು ಮಾತ್ರ. ಆ ತಿಂಗಳು ಯಾವಾಗ ಆರಂಭವಾಗುತ್ತದೆ ಎಂಬುದನ್ನು ನಿರ್ಧರಿಸುವುದು ಪಂಚಾಂಗವಲ್ಲ, ಕಳೆದ ಚಳಿಗಾಲ. ಎರಡು ಸಾವಿರಕ್ಕೂ ಹೆಚ್ಚು ಕಿ.ಮೀ. ದೂರ ಸಾಗಿ ಒಂದು ವಾರ ತಡವಾಗಿ ತಲುಪಿದರೆ ಕಾಣುವುದು ಹೂವಿಲ್ಲದ ದಂಟುಗಳನ್ನು. ಆದ್ದರಿಂದ ಈ ಹೂವಿನ ಸ್ವಭಾವವನ್ನು ಮೊದಲು ತಿಳಿದು, ನಂತರ ಟಿಕೆಟ್ ಕಾಯ್ದಿರಿಸುವುದು ಲೇಸು.

ತೋಟ ಇರುವುದೆಲ್ಲಿ?

ಶ್ರೀನಗರದ ಪೂರ್ವಕ್ಕೆ ಜಬರ್ವಾನ್ ಬೆಟ್ಟಸಾಲಿದೆ. ಅದರ ಬುಡದಲ್ಲಿ, ದಾಲ್ ಸರೋವರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ‘ಇಂದಿರಾ ಗಾಂಧಿ ಸ್ಮಾರಕ ಟುಲಿಪ್ ಉದ್ಯಾನ’ ಹರಡಿಕೊಂಡಿದೆ. ಈ ಜಾಗಕ್ಕೆ ಹಿಂದೆ ಸಿರಾಜ್ ಬಾಗ್ ಎಂಬ ಹೆಸರಿತ್ತು. ಗುಲಾಂ ನಬಿ ಆಜಾದ್ ಮುಖ್ಯಮಂತ್ರಿಯಾಗಿದ್ದ ಅವಧಿಯಲ್ಲಿ ಯೋಜನೆ ರೂಪುಗೊಂಡು, 2007-08ರಲ್ಲಿ ತೋಟ ಸಿದ್ಧವಾಯಿತು. ಚಳಿಗಾಲದ ಹಿಮ ಕರಗಿ ಬೇಸಿಗೆಯ ಪ್ರವಾಸಿಗರು ಬರುವವರೆಗಿನ ಖಾಲಿ ದಿನಗಳಲ್ಲೂ ಕಣಿವೆಗೆ ಜನ ಬರಬೇಕು, ಪುಷ್ಪಕೃಷಿಗೂ ಉತ್ತೇಜನ ಸಿಗಬೇಕು ಎಂಬುದು ಇದರ ಉದ್ದೇಶವಾಗಿತ್ತು.

ತೋಟದ ವಿಸ್ತೀರ್ಣ ಸುಮಾರು 30 ಹೆಕ್ಟೇರ್, ಅಂದರೆ 74 ಎಕರೆ. ಭೂಮಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಮಲೆನಾಡಿನವರಿಗೆ ಗುಡ್ಡದ ಇಳಿಜಾರಿನಲ್ಲಿ ಮಾಡಿದ ಗದ್ದೆಗಳ ನೆನಪಾಗಬಹುದು. ಒಂದೊಂದು ಪಟ್ಟೆಯಲ್ಲಿ ಒಂದೊಂದು ಬಣ್ಣದ ತಳಿಯನ್ನು ನೆಡಲಾಗುತ್ತದೆ. ಕೆಂಪು, ಹಳದಿ, ಬಿಳಿ, ನೇರಳೆ, ಕಿತ್ತಳೆ ಹಾಗೂ ಎರಡು ಬಣ್ಣ ಬೆರೆತ ತಳಿಗಳು ಸಾಲುಸಾಲಾಗಿ ಅರಳುತ್ತವೆ. ಟುಲಿಪ್ ಜೊತೆಗೆ ಡ್ಯಾಫೊಡಿಲ್, ಹಯಸಿಂತ್, ಮಸ್ಕಾರಿ ಮುಂತಾದ ಗಡ್ಡೆ ಹೂಗಳೂ ಇವೆ.

2023ರಲ್ಲಿ ಸುಮಾರು 16 ಲಕ್ಷ ಗಡ್ಡೆಗಳನ್ನು ನೆಡಲಾಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಲಂಡನ್‌ನ ವರ್ಲ್ಡ್ ಬುಕ್ ಆಫ್ ರೆಕಾರ್ಡ್ಸ್ ಸಂಸ್ಥೆಯು 68 ತಳಿಗಳಿರುವ ಈ ತೋಟವನ್ನು ಏಷ್ಯಾದ ಅತಿ ದೊಡ್ಡ ಟುಲಿಪ್ ಉದ್ಯಾನವೆಂದು ದಾಖಲಿಸಿತು. 2024ರಲ್ಲಿ ಗಡ್ಡೆಗಳ ಸಂಖ್ಯೆ ಸುಮಾರು 17 ಲಕ್ಷಕ್ಕೆ, ತಳಿಗಳ ಸಂಖ್ಯೆ 73ಕ್ಕೆ ಏರಿತು. 2023ರ ಋತುವಿನಲ್ಲಿ ಸುಮಾರು 3.7 ಲಕ್ಷ ಜನ ಭೇಟಿ ನೀಡಿದ್ದರು. ನಂತರದ ವರ್ಷಗಳಲ್ಲಿ ಈ ಸಂಖ್ಯೆ ಮತ್ತಷ್ಟು ಹೆಚ್ಚಿತು. ಕೋವಿಡ್ ಕಾರಣದಿಂದ 2020ರಲ್ಲಿ ಮಾತ್ರ ತೋಟ ಅರಳಿದರೂ ನೋಡುವವರಿಗೆ ಬಾಗಿಲು ತೆರೆಯಲಿಲ್ಲ.

ಡೇರೆ ಬಲ್ಲವರಿಗೆ ಟುಲಿಪ್ ಕಷ್ಟವಲ್ಲ

ಟುಲಿಪ್ ಗಡ್ಡೆಯ ಲೆಕ್ಕಾಚಾರವನ್ನು ಘಟ್ಟದ ಮೇಲಿನ ಮಹಿಳೆಯರಿಗೆ ವಿವರಿಸುವುದು ಸುಲಭ. ಮಳೆಗಾಲದ ಡೇರೆ ಹೂವನ್ನು ಅವರು ತಲೆಮಾರುಗಳಿಂದ ಬೆಳೆಸುತ್ತ ಬಂದಿದ್ದಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಲಾಲ್‌ಬಾಗ್‌ನಂಥ ದೊಡ್ಡ ಸಾರ್ವಜನಿಕ ಉದ್ಯಾನವಿಲ್ಲ. ಆದರೆ ಮನೆಯ ಮುಂದಿನ ಹೂದೋಟವಿಲ್ಲದ ಅಂಗಳ ಅಪರೂಪ. ಡೇರೆ ಗಡ್ಡೆ ಮಳೆ ನಿಂತ ಮೇಲೆ ನಿದ್ರೆಗೆ ಜಾರುತ್ತದೆ. ಅದನ್ನು ಕೊಳೆಯದಂತೆ ತಂಪಾದ ನೆರಳಿನಲ್ಲಿ ಜೋಪಾನ ಮಾಡಿ, ಮುಂಗಾರಿನ ಆರಂಭದಲ್ಲಿ ನೆಡಲಾಗುತ್ತದೆ. ಶ್ರಾವಣ, ಭಾದ್ರಪದದಲ್ಲಿ ಹೂ ಅರಳುತ್ತದೆ. ಹೊಸ ಬಣ್ಣದ ಗಡ್ಡೆ ನೆಂಟರ ಮನೆಯಿಂದ ನೆಂಟರ ಮನೆಗೆ ಕೈದಾಟುತ್ತದೆ.

ಡೇರೆಯ ಮೂಲ ಮೆಕ್ಸಿಕೊ. ಟುಲಿಪ್‌ನ ಮೂಲ ಮಧ್ಯ ಏಷ್ಯಾದ ಬೆಟ್ಟಗಳು. ಎರಡೂ ಭೂಮಿಯೊಳಗೆ ಆಹಾರ ಕೂಡಿಟ್ಟು, ಪ್ರತಿಕೂಲ ಕಾಲವನ್ನು ಮಲಗಿ ಕಳೆಯುವ ಗಿಡಗಳು. ವ್ಯತ್ಯಾಸವಿರುವುದು ಎಚ್ಚರಗೊಳಿಸುವ ಶಕ್ತಿಯಲ್ಲಿ. ಡೇರೆಯನ್ನು ಎಬ್ಬಿಸುವುದು ಮಳೆಗಾಲದ ತೇವ. ಟುಲಿಪ್ ಅನ್ನು ಸಿದ್ಧಗೊಳಿಸುವುದು ದೀರ್ಘವಾದ ಚಳಿ. ಟುಲಿಪ್‌ಗೆ ಬೇಕಾದ ಕೊರೆಯುವ ಚಳಿಯಲ್ಲಿ ನೆಲದಲ್ಲೇ ಬಿಟ್ಟ ಡೇರೆ ಗಡ್ಡೆ ಹೆಪ್ಪುಗಟ್ಟಿ ಸಾಯುತ್ತದೆ. ಡೇರೆಗೆ ಒಗ್ಗುವ ಮಲೆನಾಡಿನ ಬೆಚ್ಚನೆಯ ತೇವದಲ್ಲಿ ಟುಲಿಪ್ ಗಡ್ಡೆ ಕೊಳೆಯುತ್ತದೆ.

ಸಸ್ಯಶಾಸ್ತ್ರದ ಪ್ರಕಾರ ಟುಲಿಪ್‌ನ ಹೂಮೊಗ್ಗು ಬೇಸಿಗೆಯಲ್ಲೇ ಗಡ್ಡೆಯ ಒಳಗೆ ಕಣ್ಣಿಗೆ ಕಾಣದಂತೆ ರೂಪುಗೊಂಡಿರುತ್ತದೆ. ಆದರೆ ಅದನ್ನು ಹೊತ್ತ ದಂಟು ನೀಳವಾಗಿ ಮೇಲೆ ಬರಬೇಕಾದರೆ ಗಡ್ಡೆಯು ಸುಮಾರು 12ರಿಂದ 16 ವಾರ, 9 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ತಾಪಮಾನದಲ್ಲಿ ಇರಬೇಕು. ಈ ಅವಧಿಯಲ್ಲಿ ಗಡ್ಡೆಯಲ್ಲಿ ಕೂಡಿಟ್ಟ ಪಿಷ್ಟವು ಸಕ್ಕರೆಯಾಗಿ ಬದಲಾಗಿ ಬೆಳವಣಿಗೆಗೆ ಒದಗುತ್ತದೆ. ಚಳಿ ಸಾಲದಿದ್ದರೆ ದಂಟು ಗಿಡ್ಡವಾಗಿಯೇ ಉಳಿಯುತ್ತದೆ, ಇಲ್ಲವೇ ಮೊಗ್ಗು ಒಳಗೇ ಒಣಗುತ್ತದೆ.

ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಆಸುಪಾಸಿನಲ್ಲಿರುವ ಶಿರಸಿಯಲ್ಲಿ ಪುಷ್ಯ ಮಾಸದ ರಾತ್ರಿ ಕಂಬಳಿ ಬೇಕಾಗುವುದು ನಿಜ. ಆದರೆ ತಾಪಮಾನ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತ ತುಸು ಕೆಳಗೆ ಇಳಿದು ಬೆಳಗಾಗುತ್ತಲೇ ಏರುತ್ತದೆ. ಸುಮಾರು 1,585 ಮೀಟರ್ ಎತ್ತರದ ಶ್ರೀನಗರದಲ್ಲಿ ಡಿಸೆಂಬರ್ 21ರಿಂದ 40 ದಿನಗಳ ಕಾಲ ‘ಚಿಲ್ಲೈ ಕಲಾನ್’ ಎಂಬ ಕಡು ಚಳಿಯ ಕಾಲ. ರಾತ್ರಿ ತಾಪಮಾನ ಶೂನ್ಯಕ್ಕಿಂತ ಕೆಳಗಿಳಿದು ನಲ್ಲಿಯ ನೀರು ಹೆಪ್ಪುಗಟ್ಟುತ್ತದೆ. ಅದರ ನಂತರ 20 ದಿನಗಳ ‘ಚಿಲ್ಲೈ ಖುರ್ದ್’, 10 ದಿನಗಳ ‘ಚಿಲ್ಲೈ ಬಚ್ಚಾ’ ಬರುತ್ತವೆ. ಜನರಿಗೆ ಕಷ್ಟದ ಈ 70 ದಿನಗಳೇ ಟುಲಿಪ್ ಗಡ್ಡೆಗೆ ಶ್ರೇಷ್ಠ.

ಒಂದು ತಿಂಗಳ ಹೂವಿಗೆ ವರ್ಷವಿಡೀ ದುಡಿಮೆ

ಪ್ರವಾಸಿಗರು ತೋಟದಲ್ಲಿ ಕಳೆಯುವುದು ಒಂದೆರಡು ಗಂಟೆ. ಅದರ ಹಿಂದಿನ ಕೆಲಸ ಹನ್ನೆರಡು ತಿಂಗಳದ್ದು. ಅಕ್ಟೋಬರ್, ನವೆಂಬರ್‌ನಲ್ಲಿ ಮಣ್ಣು ಹದಮಾಡಿ ಗಡ್ಡೆಗಳನ್ನು ಕೈಯಿಂದಲೇ ನೆಡುತ್ತಾರೆ. ಬೇಗ ಅರಳುವ, ನಡುವೆ ಅರಳುವ, ತಡವಾಗಿ ಅರಳುವ ತಳಿಗಳನ್ನು ಬೇರೆ ಬೇರೆ ಪಟ್ಟೆಗಳಲ್ಲಿ ಹಾಕುತ್ತಾರೆ. ಎಲ್ಲವೂ ಒಮ್ಮೆಲೇ ಅರಳಿ ಮುಗಿಯಬಾರದು ಎಂಬುದೇ ಇದರ ಉದ್ದೇಶ. ಹಾಗಾಗಿ ಋತುವಿನ ಯಾವ ದಿನ ಹೋದರೂ ಒಂದಷ್ಟು ಪಟ್ಟೆಗಳು ಮೊಗ್ಗಿನಲ್ಲಿ, ಒಂದಷ್ಟು ಪೂರ್ಣ ಅರಳಿ, ಒಂದಷ್ಟು ಬಾಡುತ್ತ ಇರುವುದು ಸಹಜ.

ಹೂ ಮುಗಿದ ಮೇಲೆ ಕೆಲಸ ಇನ್ನೂ ಸೂಕ್ಷ್ಮ. ಬಾಡಿದ ಹೂವಿನ ತಲೆಯನ್ನು ಚಿವುಟಿ ತೆಗೆಯುತ್ತಾರೆ. ಬೀಜ ಕಟ್ಟಲು ಬಿಟ್ಟರೆ ಗಡ್ಡೆ ಸೊರಗುತ್ತದೆ. ಎಲೆಗಳನ್ನು ಮಾತ್ರ ತಾನಾಗಿ ಹಳದಿಯಾಗುವವರೆಗೆ ಬಿಡಲಾಗುತ್ತದೆ. ಮುಂದಿನ ವರ್ಷದ ಗಡ್ಡೆಗೆ ಆಹಾರ ಸಿಗುವುದು ಆ ಎಲೆಗಳಿಂದಲೇ. ಜೂನ್ ವೇಳೆಗೆ ಗಡ್ಡೆಗಳನ್ನು ಅಗೆದು ತೆಗೆದು, ಸ್ವಚ್ಛಗೊಳಿಸಿ, ಗಾತ್ರದ ಪ್ರಕಾರ ವಿಂಗಡಿಸಿ, ಶಿಲೀಂಧ್ರ ತಗಲದಂತೆ ಉಪಚರಿಸಿ ದಾಸ್ತಾನು ಮಾಡಲಾಗುತ್ತದೆ.

ನೆಟ್ಟ ತಾಯಿಗಡ್ಡೆ ಹೂ ಕೊಟ್ಟು ಅದೇ ವರ್ಷ ಮುಗಿದುಹೋಗುತ್ತದೆ. ಅದರ ಜಾಗದಲ್ಲಿ ಮರಿಗಡ್ಡೆಗಳು ಹುಟ್ಟುತ್ತವೆ. ಸಣ್ಣ ಮರಿಗಳು ಹೂ ಬಿಡುವಷ್ಟು ಬಲಿಯಲು ಎರಡು ಮೂರು ವರ್ಷ ಬೇಕು. ಆದ್ದರಿಂದ ಪ್ರತಿವರ್ಷ ಒಂದಷ್ಟು ಹೊಸ ಗಡ್ಡೆಗಳನ್ನು ನೆದರ್‌ಲ್ಯಾಂಡ್ಸ್‌ನಿಂದ ತರಿಸಬೇಕಾಗುತ್ತದೆ. ಹೂವು ಕಾಶ್ಮೀರದ ಮಣ್ಣಿನಲ್ಲಿ ಅರಳಿದರೂ ಗಡ್ಡೆಯ ವಿಷಯದಲ್ಲಿ ಕಣಿವೆ ಇನ್ನೂ ಪರಾವಲಂಬಿ.

ಯಾವಾಗ ಹೋಗಬೇಕು?

ಹಿಂದಿನ ವರ್ಷಗಳ ಆರಂಭದ ದಿನಗಳನ್ನು ನೋಡಿದರೆ ಒಂದು ಅಂದಾಜು ಸಿಗುತ್ತದೆ. ತೋಟ ತೆರೆದದ್ದು 2021ರಲ್ಲಿ ಮಾರ್ಚ್ 25ರಂದು, 2022ರಲ್ಲಿ ಮಾರ್ಚ್ 23ರಂದು, 2023ರಲ್ಲಿ ಮಾರ್ಚ್ 19ರಂದು, 2024ರಲ್ಲಿ ಮಾರ್ಚ್ 23ರಂದು ಹಾಗೂ 2025ರಲ್ಲಿ ಮಾರ್ಚ್ 26ರಂದು. ಬಾಗಿಲು ತೆರೆದ ಮೊದಲ ದಿನಗಳಲ್ಲಿ ಬೇಗ ಅರಳುವ ತಳಿಗಳು ಮಾತ್ರ ಬಣ್ಣ ತೋರಿಸುತ್ತವೆ. ಆರಂಭವಾದ ಎಂಟು ಹತ್ತು ದಿನಗಳ ನಂತರದ ಎರಡು ವಾರ ನೋಡಲು ಅತ್ಯಂತ ಪ್ರಶಸ್ತ. ಏಪ್ರಿಲ್ ಮೂರನೇ ವಾರ ದಾಟಿದರೆ ನಿರಾಸೆಯ ಸಂಭವವೇ ಹೆಚ್ಚು.

ಶಿರಸಿ ಭಾಗದವರಿಗೆ ಇನ್ನೊಂದು ಲೆಕ್ಕವೂ ಇದೆ. ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆ ಕೆಲವೊಮ್ಮೆ ಇದೇ ದಿನಗಳಲ್ಲಿ ಬರುತ್ತದೆ. 2024ರಲ್ಲಿ ಜಾತ್ರೆ ನಡೆದದ್ದು ಮಾರ್ಚ್ 19ರಿಂದ 27ರವರೆಗೆ. ಟುಲಿಪ್ ತೋಟ ತೆರೆದದ್ದು ಅದರ ನಡುವೆ. ಅಂಥ ವರ್ಷಗಳಲ್ಲಿ ಜಾತ್ರೆ ಮುಗಿಸಿಕೊಂಡು ಏಪ್ರಿಲ್ ಮೊದಲ ವಾರ ಹೊರಟರೆ ಎರಡೂ ತಪ್ಪುವುದಿಲ್ಲ.

ಹೂವಿನ ಆಯಸ್ಸನ್ನು ನಿರ್ಧರಿಸುವುದು ಹವಾಮಾನ. ತಂಪು ಮುಂದುವರಿದರೆ ಒಂದೊಂದು ಹೂ ಹೆಚ್ಚು ದಿನ ನಿಲ್ಲುತ್ತದೆ. ಮಾರ್ಚ್‌ನಲ್ಲೇ ಬಿಸಿಲೇರಿದರೆ ಎಲ್ಲ ತಳಿಗಳೂ ಒತ್ತೊತ್ತಾಗಿ ಅರಳಿ ಬೇಗ ಉದುರುತ್ತವೆ. ಜೋರು ಮಳೆ, ಆಲಿಕಲ್ಲು ಬಿದ್ದರೆ ಎಸಳುಗಳು ನೆಲ ಕಾಣುತ್ತವೆ. ಇತ್ತೀಚಿನ ವರ್ಷಗಳಲ್ಲಿ ಕಾಶ್ಮೀರದ ಚಳಿಗಾಲವೇ ಅಸ್ಥಿರವಾಗಿದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಹಿಮವಿಲ್ಲದೆ ಬರಿದಾಗಿದ್ದುದು ದೇಶದಾದ್ಯಂತ ಸುದ್ದಿಯಾಗಿತ್ತು. ಹಿಮ ಮತ್ತು ಮಳೆ ಕಡಿಮೆಯಾದ ವರ್ಷ ತೋಟಕ್ಕೆ ನೀರುಣಿಸುವ ಹೊರೆಯೂ ಹೆಚ್ಚುತ್ತದೆ.

ಮುಂಗಾರು ತಡವಾದರೆ ಡೇರೆಯ ಲೆಕ್ಕ ತಪ್ಪುವುದನ್ನು ಮಲೆನಾಡಿಗರು ಕಂಡಿದ್ದಾರೆ. ಟುಲಿಪ್ ಪ್ರವಾಸಕ್ಕೂ ಅದೇ ನಿಯಮ. ಫೆಬ್ರುವರಿಯಲ್ಲಿ ಶ್ರೀನಗರದ ತಾಪಮಾನ ಹೇಗಿದೆ ಎಂಬುದನ್ನು ಗಮನಿಸಬೇಕು. ಫೆಬ್ರುವರಿ ವಾಡಿಕೆಗಿಂತ ಬೆಚ್ಚಗಿದ್ದರೆ ಪ್ರವಾಸವನ್ನು ಹಿಂದಕ್ಕೆ, ಚಳಿ ಮುಂದುವರಿದಿದ್ದರೆ ಒಂದು ವಾರ ಮುಂದಕ್ಕೆ ಇಟ್ಟುಕೊಳ್ಳಬಹುದು. ತೆರೆಯುವ ದಿನವನ್ನು ಜಮ್ಮು ಮತ್ತು ಕಾಶ್ಮೀರದ ಪುಷ್ಪಕೃಷಿ ಇಲಾಖೆ ಪ್ರಕಟಿಸುತ್ತದೆ.

ಮೊಘಲರ ಕುಂಚದಿಂದ ಹಾಲೆಂಡ್‌ನ ಮಾರುಕಟ್ಟೆಗೆ

ಟುಲಿಪ್ ಎಂದೊಡನೆ ಹಾಲೆಂಡ್ ನೆನಪಾಗುವುದು ವಾಡಿಕೆ. 1981ರ ‘ಸಿಲ್ಸಿಲಾ’ ಹಿಂದಿ ಚಿತ್ರ ಅಲ್ಲಿನ ಟುಲಿಪ್ ತೋಟಗಳನ್ನು ಭಾರತದ ಪ್ರೇಕ್ಷಕರ ಮನಸ್ಸಿನಲ್ಲಿ ಅಚ್ಚೊತ್ತಿತು. ಆದರೆ ಹೂವಿನ ಪಯಣ ನಡೆದದ್ದು ಪೂರ್ವದಿಂದ ಪಶ್ಚಿಮಕ್ಕೆ. ಮಧ್ಯ ಏಷ್ಯಾದಿಂದ ಪರ್ಷಿಯಾ, ತುರ್ಕಿಗಳ ಅರಮನೆ ತೋಟಗಳಿಗೆ ಬಂದ ಟುಲಿಪ್, 16ನೇ ಶತಮಾನದಲ್ಲಿ ಯುರೋಪ್ ತಲುಪಿತು. ಲೈಡನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಕರೋಲಸ್ ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞ ನೆಟ್ಟ ಗಡ್ಡೆಗಳು 1594ರಲ್ಲಿ ಅರಳಿದವು. ಮುಂದೆ ಗಡ್ಡೆಗಳ ಮೇಲಿನ ಸಟ್ಟಾ ವ್ಯಾಪಾರ ವಿಪರೀತಕ್ಕೆ ಹೋಗಿ 1637ರ ಫೆಬ್ರುವರಿಯಲ್ಲಿ ಬೆಲೆ ಕುಸಿದುಬಿತ್ತು. ಅರ್ಥಶಾಸ್ತ್ರದ ಪಾಠಗಳಲ್ಲಿ ಆ ಪ್ರಸಂಗ ಇಂದಿಗೂ ಬರುತ್ತದೆ. ಅಂದು ಅತಿ ಹೆಚ್ಚು ಬೆಲೆ ಬಾಳುತ್ತಿದ್ದ ಗೀರುಬಣ್ಣದ ಹೂಗಳಿಗೆ ಕಾರಣ ಗಿಡಹೇನು ಹರಡುವ ಒಂದು ವೈರಸ್ ರೋಗ ಎಂಬುದು ಗೊತ್ತಾದದ್ದು 20ನೇ ಶತಮಾನದಲ್ಲಿ.

ಕಾಶ್ಮೀರಕ್ಕೆ ಟುಲಿಪ್ ಹೊಸದೇನಲ್ಲ. ಅಲ್ಲಿನ ಬೆಟ್ಟಗಳಲ್ಲಿ ಕಾಡು ಟುಲಿಪ್‌ಗಳಿವೆ. ಹಳೆಯ ಕಾಲದ ಮಣ್ಣು ಹೊದಿಸಿದ ಮಾಡುಗಳ ಮೇಲೆ ಐರಿಸ್ ಜೊತೆಗೆ ಟುಲಿಪ್ ಕೂಡ ಅರಳುತ್ತಿತ್ತು. 1620ರಲ್ಲಿ ಕಣಿವೆಗೆ ಬಂದಿದ್ದ ಚಕ್ರವರ್ತಿ ಜಹಾಂಗೀರ್ ಅಲ್ಲಿನ ಹೂಗಳಿಗೆ ಮರುಳಾಗಿ ಅವುಗಳ ಚಿತ್ರ ಬರೆಯಲು ಆಸ್ಥಾನದ ಚಿತ್ರಕಾರ ಮನ್ಸೂರ್‌ಗೆ ಆಜ್ಞಾಪಿಸಿದ್ದನು. ಮನ್ಸೂರ್ ಬರೆದ ಕೆಂಪು ಟುಲಿಪ್‌ನ ಚಿತ್ರ ಇಂದಿಗೂ ಉಳಿದಿದೆ.

ಹೋಲಿಕೆಗೆ ಹೇಳುವುದಾದರೆ, ನೆದರ್‌ಲ್ಯಾಂಡ್ಸ್‌ನ ಲಿಸ್ಸೆ ಪಟ್ಟಣದ ಕ್ಯೂಕೆನ್‌ಹಾಫ್ ಉದ್ಯಾನ ಸುಮಾರು 32 ಹೆಕ್ಟೇರ್ ವಿಸ್ತಾರದ್ದು. ಅಂದರೆ ಶ್ರೀನಗರದ ತೋಟಕ್ಕಿಂತ ಸ್ವಲ್ಪವೇ ದೊಡ್ಡದು. ಆದರೆ ಅಲ್ಲಿ ವರ್ಷಕ್ಕೆ ಸುಮಾರು 70 ಲಕ್ಷ ಗಡ್ಡೆಗಳನ್ನು ನೆಡುತ್ತಾರೆ, ಎಂಟು ವಾರ ತೆರೆದಿಡುತ್ತಾರೆ. ಶ್ರೀನಗರದಲ್ಲಿ ಏಪ್ರಿಲ್ ಬಿಸಿಲು ಬೇಗ ಏರುವುದರಿಂದ ಅವಧಿ ಅದರ ಅರ್ಧದಷ್ಟಕ್ಕೇ ಮುಗಿಯುತ್ತದೆ.

ಸುತ್ತಲಿನ ತೋಟಗಳು

ಟುಲಿಪ್ ತೋಟವೊಂದಕ್ಕೇ ದಿನವನ್ನು ಮುಡಿಪಾಗಿಡಬೇಕಿಲ್ಲ. ಪಕ್ಕದಲ್ಲೇ 1632ರಲ್ಲಿ ಶಾಹಜಹಾನನಿಗಾಗಿ ಅಲಿ ಮರ್ದಾನ್ ಖಾನ್ ನಿರ್ಮಿಸಿದ ಚಷ್ಮೆ ಶಾಹಿ ಇದೆ. ಬೆಟ್ಟದ ಬುಗ್ಗೆಯ ನೀರು ಅದರ ಜೀವಾಳ. ದಾಲ್ ಸರೋವರದ ದಂಡೆಗುಂಟ ಮುಂದೆ ಸಾಗಿದರೆ 1633ರಲ್ಲಿ ಆಸಫ್ ಖಾನ್ ಕಟ್ಟಿಸಿದ ನಿಶಾತ್ ಬಾಗ್, ಅದರಾಚೆ 1619ರಲ್ಲಿ ಜಹಾಂಗೀರ್ ನಿರ್ಮಿಸಿದ ಶಾಲಿಮಾರ್ ಬಾಗ್ ಸಿಗುತ್ತವೆ. ಇವೆಲ್ಲ ಇಳಿಜಾರನ್ನು ಮೆಟ್ಟಿಲಾಗಿಸಿ ನಡುವೆ ನೀರಿನ ಕಾಲುವೆ ಹರಿಸಿದ ತೋಟಗಳು. ಅಡಿಕೆ ತೋಟದ ಕಾದಿಗೆಗಳಲ್ಲಿ ನೀರು ಹಾಯುವುದನ್ನು ಬಲ್ಲವರು ಇಲ್ಲಿನ ನೀರಿನ ವ್ಯವಸ್ಥೆಯನ್ನು ಕುತೂಹಲದಿಂದ ನೋಡಬಹುದು.

ಮಾರ್ಚ್ ನಡುವಿನಲ್ಲೇ ತಲುಪಿದವರಿಗೆ ಹರಿ ಪರ್ಬತ್ ಬೆಟ್ಟದ ಬುಡದ ಬಾದಾಮ್‌ವಾರಿ ತೋಟದಲ್ಲಿ ಬಾದಾಮಿ ಮರಗಳ ಹೂ ಕಾಣಸಿಗುತ್ತದೆ. ಅದು ಟುಲಿಪ್‌ಗಿಂತ ಮೊದಲೇ ಅರಳಿ ಮುಗಿಯುತ್ತದೆ. ಶ್ರೀನಗರದ ಹೊರವಲಯದಲ್ಲಿ ಇದೇ ಕಾಲಕ್ಕೆ ಸಾಸಿವೆ ಹೊಲಗಳು ಹಳದಿಯಾಗಿರುತ್ತವೆ.

ತಲುಪುವ ಬಗೆ

ಮೂರೂ ತಾಲ್ಲೂಕುಗಳಿಗೆ ಹುಬ್ಬಳ್ಳಿಯೇ ಅನುಕೂಲದ ದೊಡ್ಡ ನಿಲ್ದಾಣ. ಯಲ್ಲಾಪುರದಿಂದ ಸುಮಾರು 70 ಕಿ.ಮೀ., ಶಿರಸಿಯಿಂದ ಸುಮಾರು 100 ಕಿ.ಮೀ. ದೂರವಿದೆ. ಸಿದ್ದಾಪುರದವರು ಸಮೀಪದ ತಾಳಗುಪ್ಪ ನಿಲ್ದಾಣದಿಂದ ಬೆಂಗಳೂರು ತಲುಪಿ ಮುಂದುವರಿಯಬಹುದು. ವಿಮಾನದಲ್ಲಿ ಹೋಗುವವರು ಸಾಮಾನ್ಯವಾಗಿ ದೆಹಲಿ ಮಾರ್ಗವಾಗಿ ಶ್ರೀನಗರ ತಲುಪುತ್ತಾರೆ.

ರೈಲು ಪ್ರಯಾಣಿಕರಿಗೆ 2025ರಲ್ಲಿ ದೊಡ್ಡ ಅನುಕೂಲವಾಯಿತು. ಉಧಂಪುರ-ಶ್ರೀನಗರ-ಬಾರಾಮುಲ್ಲಾ ರೈಲು ಮಾರ್ಗ ಪೂರ್ಣಗೊಂಡು, ಆ ವರ್ಷದ ಜೂನ್ 6ರಂದು ಕಟ್ರಾ ಮತ್ತು ಶ್ರೀನಗರ ನಡುವೆ ವಂದೇ ಭಾರತ್ ರೈಲಿಗೆ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದರು. ನದಿಪಾತ್ರದಿಂದ 359 ಮೀಟರ್ ಎತ್ತರದಲ್ಲಿರುವ ಚೆನಾಬ್ ಸೇತುವೆಯ ಮೇಲೆ ಈ ರೈಲು ಸಾಗುತ್ತದೆ. ಸುಮಾರು ಮೂರು ಗಂಟೆಯ ಪ್ರಯಾಣ. ಹಿಮ, ಭೂಕುಸಿತಗಳಿಂದ ಪದೇ ಪದೇ ಮುಚ್ಚುವ ಜಮ್ಮು-ಶ್ರೀನಗರ ಹೆದ್ದಾರಿಯನ್ನೇ ನಂಬಬೇಕಾದ ಅನಿವಾರ್ಯ ಇದರಿಂದ ತಪ್ಪಿತು. ವೈಷ್ಣೋದೇವಿ ಯಾತ್ರೆ ಮುಗಿಸಿ ಕಟ್ರಾದಿಂದಲೇ ಕಣಿವೆಗೆ ಹೋಗುವುದು ಈಗ ಸಾಧ್ಯ. ಶ್ರೀನಗರದ ಲಾಲ್ ಚೌಕದಿಂದ ತೋಟಕ್ಕೆ ಸುಮಾರು 8 ಕಿ.ಮೀ. ದೂರ.

ಸುರಕ್ಷತೆಯ ಪ್ರಶ್ನೆ

ಕಾಶ್ಮೀರ ಪ್ರವಾಸದ ಬಗ್ಗೆ ಬರೆಯುವಾಗ 2025ರ ಏಪ್ರಿಲ್ 22ನ್ನು ಮರೆಯಲಾಗದು. ಅಂದು ಪಹಲ್ಗಾಮ್ ಸಮೀಪದ ಬೈಸರನ್ ಹುಲ್ಲುಗಾವಲಿನಲ್ಲಿ ಉಗ್ರರ ಗುಂಡಿಗೆ 26 ಮಂದಿ ಬಲಿಯಾದರು. ಮೃತರಲ್ಲಿ ಶಿವಮೊಗ್ಗ ಮತ್ತು ಬೆಂಗಳೂರಿನವರೂ ಇದ್ದರು. ಸಿದ್ದಾಪುರಕ್ಕೆ ನೆರೆಯ ಜಿಲ್ಲೆಯೇ ಶಿವಮೊಗ್ಗ. ಆದ್ದರಿಂದ ಈ ಭಾಗದ ಮನೆಗಳಲ್ಲಿ ಆ ದುಃಖ ದೂರದ ಸುದ್ದಿಯಾಗಿ ಉಳಿಯಲಿಲ್ಲ. ಟುಲಿಪ್ ಋತುವಿನ ಕೊನೆಯ ದಿನಗಳವು. ಅನೇಕ ಪ್ರವಾಸಿಗರು ಕಣಿವೆಯಿಂದ ಅರ್ಧಕ್ಕೇ ಹಿಂತಿರುಗಿದರು. ಹಲವು ಪ್ರವಾಸಿ ತಾಣಗಳನ್ನು ಮುಚ್ಚಲಾಯಿತು. ಜೂನ್‌ನಿಂದ ಹಂತ ಹಂತವಾಗಿ ಕೆಲವನ್ನು ತೆರೆಯಲಾಯಿತು.

ಶ್ರೀನಗರದ ತೋಟಕ್ಕೂ ಪಹಲ್ಗಾಮ್‌ಗೂ ಸುಮಾರು 90 ಕಿ.ಮೀ. ಅಂತರವಿದೆ. ಆದರೂ ಹೊರಡುವ ಮುನ್ನ ಆ ವಾರದ ಪರಿಸ್ಥಿತಿ, ತೆರೆದಿರುವ ತಾಣಗಳು ಹಾಗೂ ಸರ್ಕಾರದ ಸೂಚನೆಗಳನ್ನು ವಿಚಾರಿಸಿಕೊಳ್ಳಬೇಕು. ರದ್ದುಪಡಿಸಿದರೆ ಹಣ ಮರಳುವಂಥ ಟಿಕೆಟ್ ಮತ್ತು ವಸತಿಯನ್ನು ಆಯ್ದುಕೊಳ್ಳುವುದು ಒಳಿತು. ಗುಂಪಿನಲ್ಲಿ ಹೋಗುವವರು ಪ್ರವಾಸ ಸಂಸ್ಥೆಯ ಷರತ್ತುಗಳನ್ನು ಲಿಖಿತವಾಗಿ ಪಡೆದಿರಬೇಕು. ಹೊರರಾಜ್ಯದ ಪ್ರಿಪೇಯ್ಡ್ ಮೊಬೈಲ್ ಸಂಪರ್ಕಕ್ಕೆ ಅಲ್ಲಿ ನಿರ್ಬಂಧವಿರುವುದರಿಂದ ಗುಂಪಿನಲ್ಲಿ ಒಬ್ಬಿಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಸಂಪರ್ಕವಿದ್ದರೆ ಮನೆಯವರೊಂದಿಗೆ ಮಾತು ತಪ್ಪುವುದಿಲ್ಲ.

ತೋಟದೊಳಗೆ ಗಮನಿಸಬೇಕಾದುದು

ಬಿಸಿಲು ತಗಲಿದಾಗ ಎಸಳು ಬಿಚ್ಚುವುದು, ಚಳಿ ಅಥವಾ ಮೋಡ ಬಂದಾಗ ಮುಚ್ಚಿಕೊಳ್ಳುವುದು ಟುಲಿಪ್‌ನ ಗುಣ. ನಸುಕಿನಲ್ಲಿ ಹೋದವರಿಗೆ ಮುಚ್ಚಿದ ಬಟ್ಟಲುಗಳೇ ಕಾಣುತ್ತವೆ. ಬೆಳಿಗ್ಗೆ ಹತ್ತರ ನಂತರ ಅರಳಿದ ಹೂ ನೋಡಬಹುದು. ವಾರಾಂತ್ಯದಲ್ಲಿ ಸ್ಥಳೀಯರೂ ಕುಟುಂಬ ಸಮೇತ ಬರುವುದರಿಂದ ಜನಸಂದಣಿ ಹೆಚ್ಚು. ವಾರದ ನಡುವಿನ ದಿನಗಳು ಅನುಕೂಲ.

ಶ್ರೀನಗರದಲ್ಲಿ ಮಾರ್ಚ್ ಹೆಚ್ಚು ಮಳೆಯಾಗುವ ತಿಂಗಳುಗಳಲ್ಲೊಂದು. ಹಗಲು 15 ಡಿಗ್ರಿ ಆಸುಪಾಸು ಇದ್ದರೂ ರಾತ್ರಿ 5 ಡಿಗ್ರಿಗೆ ಇಳಿಯುವುದುಂಟು. ಉಣ್ಣೆಯ ಅಂಗಿ, ಕೊಡೆ, ಜಾರದ ಪಾದರಕ್ಷೆ ಅಗತ್ಯ. ತೋಟ ಏರುನೆಲದಲ್ಲಿರುವುದರಿಂದ ಮಂಡಿನೋವಿನ ಹಿರಿಯರು ಕೆಳಗಿನ ಪಟ್ಟೆಗಳನ್ನು ನೋಡಿ ಕುಳಿತುಕೊಳ್ಳುವುದು ಮೇಲು. ಕೆಳಗಿನಿಂದಲೂ ಇಡೀ ಇಳಿಜಾರು ಕಾಣುತ್ತದೆ. ಛಾಯಾಚಿತ್ರಕ್ಕಾಗಿ ಸಾಲುಗಳ ನಡುವೆ ಕಾಲಿಡುವುದು, ಹೂ ಕೀಳುವುದು ನಿಷಿದ್ಧ. ಒಮ್ಮೆ ತುಳಿದ ಎಲೆಯಿಂದ ಮುಂದಿನ ವರ್ಷದ ಗಡ್ಡೆಗೇ ಪೆಟ್ಟು.

ಗಡ್ಡೆ ತಂದರೆ ಊರಲ್ಲಿ ಅರಳೀತೆ?

ಹೋದಲ್ಲಿಂದ ಒಂದು ಗಿಡ, ಒಂದು ಬಳ್ಳಿ, ಒಂದು ಗಡ್ಡೆ ತರುವುದು ಮಲೆನಾಡಿನ ಗೃಹಿಣಿಯರ ರೂಢಿ. ಟುಲಿಪ್ ಗಡ್ಡೆ ಕೊಂಡು ತಂದು ನೇರವಾಗಿ ಮಣ್ಣಿಗೆ ಹಾಕಿದರೆ ಬರುವುದು ಎರಡು ಮೂರು ಎಲೆ ಮಾತ್ರ. ಕೃತಕ ಚಳಿ ನೀಡಿ ಒಂದು ಬಾರಿ ಪ್ರಯತ್ನಿಸಬಹುದು. ಬಲಿತ ಗಡ್ಡೆಗಳನ್ನು ಕಾಗದದ ಚೀಲದಲ್ಲಿಟ್ಟು ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ, ಅಂದರೆ 12ರಿಂದ 14 ವಾರ ಫ್ರಿಜ್‌ನ ಕೆಳಭಾಗದಲ್ಲಿ 5 ಡಿಗ್ರಿ ಆಸುಪಾಸಿನಲ್ಲಿ ಇಡಬೇಕು. ಸೇಬು, ಬಾಳೆಹಣ್ಣು ಜೊತೆಗಿರಬಾರದು. ಹಣ್ಣಿನಿಂದ ಹೊರಡುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ಡಿಸೆಂಬರ್ ಕೊನೆಯಲ್ಲಿ ನೀರು ಬಸಿಯುವ ಕುಂಡದಲ್ಲಿ ನೆಟ್ಟು, ನೆರಳಿನಲ್ಲಿಟ್ಟರೆ ಹೂ ಬರುವ ಸಾಧ್ಯತೆಯಿದೆ. ಆದರೆ ಆ ಗಡ್ಡೆ ಮರುವರ್ಷಕ್ಕೆ ಬಲಿಯುವುದಿಲ್ಲ.

ದೆಹಲಿಯ ರಸ್ತೆ ವೃತ್ತಗಳಲ್ಲಿ ಫೆಬ್ರುವರಿಯಲ್ಲಿ ಕಾಣುವ ಟುಲಿಪ್‌ಗಳಿಗೂ ಇದೇ ತಂತ್ರ. ಮೊದಲೇ ಶೈತ್ಯೀಕರಿಸಿದ ಗಡ್ಡೆಗಳನ್ನು ನವದೆಹಲಿ ನಗರಪಾಲಿಕೆ ನೆಡಿಸುತ್ತದೆ. ಹಿಮಾಚಲ ಪ್ರದೇಶದ ಪಾಲಂಪುರದಲ್ಲಿರುವ ಹಿಮಾಲಯ ಜೈವಿಕ ಸಂಪನ್ಮೂಲ ತಂತ್ರಜ್ಞಾನ ಸಂಸ್ಥೆಯು ದೇಶದಲ್ಲೇ ಗಡ್ಡೆ ಉತ್ಪಾದಿಸುವ ಪ್ರಯತ್ನದಲ್ಲಿ ತೊಡಗಿದ್ದು, ಅಲ್ಲಿಯೂ ಟುಲಿಪ್ ತೋಟವಿದೆ. ಕಾಶ್ಮೀರಕ್ಕೆ ಹೋಗಲಾಗದವರು ಫೆಬ್ರುವರಿ, ಮಾರ್ಚ್‌ನಲ್ಲಿ ಇವುಗಳನ್ನು ನೋಡಬಹುದು.

ಪ್ರವಾಸದಿಂದ ಮರಳುವ ಹೊತ್ತಿಗೆ ಘಟ್ಟದಲ್ಲಿ ಸುರಗಿ ಹೂವಿನ ಕಾಲ ಮುಗಿದಿರುತ್ತದೆ. ಕಾಡಿನ ಮರಗಳಲ್ಲಿ ಸೀತಾಳೆ ದಂಡೆ ಇಳಿಬೀಳುವ ಕಾಲ ಮುಂದಿರುತ್ತದೆ. ನೆರಳಿನಲ್ಲಿಟ್ಟ ಡೇರೆ ಗಡ್ಡೆಗಳು ಕಣ್ಣೊಡೆಯಲು ಸಿದ್ಧವಾಗಿರುತ್ತವೆ. ಕಾಶ್ಮೀರದ ತೋಟಕ್ಕೆ ಬಂದ ಕುಟುಂಬಗಳಂತೆಯೇ ಹೊರ ಊರಿನವರು ಶ್ರಾವಣದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಬಂದರೆ ಡೇರೆಯ ಅಂಗಳಗಳನ್ನು ಕಾಣಬಹುದು. ಅವಕ್ಕೆ ಪ್ರವೇಶ ಶುಲ್ಕವಿಲ್ಲ. ಮನೆಯವರನ್ನು ಕೇಳಿಕೊಂಡು ಒಳಗೆ ಹೋಗಬೇಕು, ಅಷ್ಟೇ.

ಸಂಕ್ಷಿಪ್ತ ಮಾಹಿತಿ

ಸ್ಥಳ: ಇಂದಿರಾ ಗಾಂಧಿ ಸ್ಮಾರಕ ಟುಲಿಪ್ ಉದ್ಯಾನ, ಜಬರ್ವಾನ್ ಬೆಟ್ಟದ ತಪ್ಪಲು, ಶ್ರೀನಗರ

ವಿಸ್ತೀರ್ಣ: ಸುಮಾರು 30 ಹೆಕ್ಟೇರ್

ಹೂವಿನ ಕಾಲ: ಮಾರ್ಚ್ ಕೊನೆಯ ವಾರದಿಂದ ಏಪ್ರಿಲ್ ಮೂರನೇ ವಾರದವರೆಗೆ, ವರ್ಷದ ಚಳಿಯನ್ನು ಅವಲಂಬಿಸಿ ಬದಲಾಗುತ್ತದೆ

ಪ್ರಶಸ್ತ ದಿನಗಳು: ತೋಟ ತೆರೆದ ಎಂಟು ಹತ್ತು ದಿನಗಳ ನಂತರದ ಎರಡು ವಾರ

ಪ್ರಶಸ್ತ ವೇಳೆ: ಬಿಸಿಲಿರುವ ದಿನ, ಬೆಳಿಗ್ಗೆ 10ರ ನಂತರ

ಸಮೀಪದ ತಾಣಗಳು: ಚಷ್ಮೆ ಶಾಹಿ, ನಿಶಾತ್ ಬಾಗ್, ಶಾಲಿಮಾರ್ ಬಾಗ್, ದಾಲ್ ಸರೋವರ

ಮುಂಚಿತವಾಗಿ ವಿಚಾರಿಸಬೇಕಾದುದು: ತೆರೆಯುವ ದಿನಾಂಕ, ಪ್ರವೇಶ ಶುಲ್ಕ, ಭದ್ರತಾ ಸೂಚನೆ, ರೈಲು ಮತ್ತು ಹೆದ್ದಾರಿಯ ಸ್ಥಿತಿ